ಖಾಲಿ ಪಥ, ತುಂಬಿದ ನಿಲ್ದಾಣ: ಹುಬ್ಬಳ್ಳಿ-ಧಾರವಾಡ ಬಿಆರ್‌ಟಿಎಸ್ ಪ್ರಕರಣ

ಹುಬ್ಬಳ್ಳಿ-ಧಾರವಾಡದ ನಡುವೆ ದಿನಾ ಓಡಾಡುವವರನ್ನು ಕೇಳಿ. ಒಂದು ಮಾತು ಬಂದೇ ಬರುತ್ತದೆ. ‘ನಡುವಿನ ಪಥ ಖಾಲಿ ಬಿದ್ದಿರ್ತದ, ನಾವು ಬಾಜೂಕ ಸಿಗ್ನಲ್‌ನಾಗ ನಿಂತಿರ್ತೀವಿ. ಅದನ್ನ ಎಲ್ಲಾರಿಗೂ ಬಿಟ್ಟುಬಿಡ್ರಿ.’ ಬಿಆರ್‌ಟಿಎಸ್ (ತ್ವರಿತ ಬಸ್ ಸಾರಿಗೆ ವ್ಯವಸ್ಥೆ) ಯೋಜನೆಯ ‘ಚಿಗರಿ’ ಬಸ್‌ಗಳಿಗೆಂದೇ ಮೀಸಲಿಟ್ಟ ಆ ಪಥವನ್ನು ಕಾರು, ಬೈಕ್, ಆಟೊಗಳಿಗೂ ತೆರೆಯಬೇಕು ಎಂಬ ಬೇಡಿಕೆ ಕೆಲವು ವರ್ಷಗಳಿಂದ ಜೋರಾಗಿದೆ. ಸಿಟ್ಟು ಸುಳ್ಳಲ್ಲ. ಉಣಕಲ್ ಕ್ರಾಸ್‌ನಲ್ಲಿ ಸಂಜೆ ಹೊತ್ತು ನಿಂತವರಿಗೆ ಅದು ಅರ್ಥವಾಗುತ್ತದೆ.

ಆದರೆ ಅದೇ ಹೊತ್ತಿಗೆ ಪಕ್ಕದ ಬಿಆರ್‌ಟಿಎಸ್ ನಿಲ್ದಾಣದೊಳಗೆ ಜನ ಕಿಕ್ಕಿರಿದು ಬಸ್ ಕಾಯುತ್ತಿರುತ್ತಾರೆ. ಪಥ ಖಾಲಿ, ನಿಲ್ದಾಣ ತುಂಬಿದೆ. ಎರಡೂ ಒಟ್ಟಿಗೆ ಹೇಗೆ ಸಾಧ್ಯ? ಈ ಬರಹ ಹುಡುಕುವುದು ಅದರ ಉತ್ತರವನ್ನು. ಉಣಕಲ್ಲಿನಲ್ಲಿ ಪಥ ಖಾಲಿಯಾಗಿ ಕಾಣುವ ಕಾರಣದ ದೊಡ್ಡ ಪಾಲು ಉಣಕಲ್ಲಿನಲ್ಲಿ ಇಲ್ಲ. ಅದು ಕೆಲವು ಕಿಲೋಮೀಟರ್ ಆಚೆ, ಹುಬ್ಬಳ್ಳಿ ಪೇಟೆಯ ಚನ್ನಮ್ಮ ವೃತ್ತದ ಸುತ್ತ ಇದೆ ಎಂಬುದು ನನ್ನ ಅಭಿಪ್ರಾಯ.

ದಾರಿ ಮತ್ತು ಊರು

ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ ಆದದ್ದು 1962ರಲ್ಲಿ. 2011ರ ಜನಗಣತಿಯಲ್ಲಿ ಇಲ್ಲಿನ ಜನಸಂಖ್ಯೆ 9.43 ಲಕ್ಷ. ಹುಬ್ಬಳ್ಳಿ ವ್ಯಾಪಾರದ ಊರು, ರೈಲ್ವೆಯ ಊರು. ಧಾರವಾಡ ಕಚೇರಿ, ಕಾಲೇಜು, ವಿಶ್ವವಿದ್ಯಾಲಯಗಳ ಊರು. ಒಂದೂರಲ್ಲಿ ಮನೆ, ಇನ್ನೊಂದೂರಲ್ಲಿ ಕೆಲಸ ಎಂಬುದು ಇಲ್ಲಿ ತೀರಾ ಸಾಮಾನ್ಯ. ಅಷ್ಟು ಜನರಿಗೂ ಮುಖ್ಯ ದಾರಿ ಹಳೆಯ ಪುಣೆ-ಬೆಂಗಳೂರು ರಸ್ತೆ, ಜನರ ಬಾಯಲ್ಲಿ ಪಿಬಿ ರೋಡ್.

ಗಬ್ಬೂರಿನಿಂದ ನರೇಂದ್ರದವರೆಗೆ ಬೈಪಾಸ್ ಆದ ಮೇಲೆ ದೂರದ ಲಾರಿಗಳ ಭಾರ ಈ ರಸ್ತೆಯಿಂದ ಇಳಿಯಿತು. (ಆ ಬೈಪಾಸ್ ಬಹಳ ವರ್ಷ ಎರಡೇ ಪಥದ್ದಾಗಿ ಉಳಿದು ಎಷ್ಟು ಜೀವ ತೆಗೆಯಿತು ಎಂಬುದು ಬೇರೆಯದೇ ದುಃಖದ ಕಥೆ. 2021ರ ಜನವರಿಯಲ್ಲಿ ಇಟಿಗಟ್ಟಿ ಬಳಿ ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಹೆಣ್ಣುಮಕ್ಕಳು ತೀರಿಕೊಂಡದ್ದನ್ನು ಈ ಭಾಗದವರು ಮರೆತಿಲ್ಲ.) ಪಿಬಿ ರೋಡಿನ ಮೇಲೆ ಉಳಿದದ್ದು ಊರಿನವರದೇ ಓಡಾಟ. ಅದು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಾ ಹೋಯಿತು.

ಯೋಜನೆ ಬಂದ ಬಗೆ

‘ವಾಹನಗಳನ್ನಲ್ಲ, ಜನರನ್ನು ಸಾಗಿಸುವುದು ಗುರಿಯಾಗಬೇಕು’ ಎಂಬ ನಿಲುವನ್ನು ಕೇಂದ್ರ ಸರ್ಕಾರ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯಲ್ಲಿ ಒಪ್ಪಿಕೊಂಡಿತು. ಮುಂದೆ ವಿಶ್ವ ಬ್ಯಾಂಕ್ ನೆರವಿನ ಸುಸ್ಥಿರ ನಗರ ಸಾರಿಗೆ ಯೋಜನೆಯಲ್ಲಿ ಅವಳಿ ನಗರಕ್ಕೂ ಜಾಗ ಸಿಕ್ಕಿತು. 2012ರಲ್ಲಿ ಇದಕ್ಕಾಗಿಯೇ ಒಂದು ಕಂಪನಿ ಕಟ್ಟಿದರು. ಬಸ್ ಓಡಿಸುವ ಹೊಣೆ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯದು.

ಕೆಲಸ ಸಲೀಸಾಗಿ ನಡೆಯಲಿಲ್ಲ. ಜಾಗ ಬಿಡಿಸಿಕೊಳ್ಳುವುದು ವರ್ಷಗಟ್ಟಲೆ ಎಳೆಯಿತು. ದಾರಿಯುದ್ದಕ್ಕೂ ಇದ್ದ ದೊಡ್ಡ ದೊಡ್ಡ ಮರಗಳು ಉರುಳಿದವು. ಆ ನೆರಳು ಕಂಡವರಿಗೆ ಇಂದಿಗೂ ಹೊಟ್ಟೆ ಉರಿಯುತ್ತದೆ, ಅದು ನ್ಯಾಯವೇ. ಯೋಜನೆಯ ಬಗ್ಗೆ ಜನರ ಮನಸ್ಸು ಮುರಿಯಲು ಶುರುವಾದದ್ದು ಬಹುಶಃ ಅಲ್ಲಿಂದಲೇ. ಇಷ್ಟು ಕೊಟ್ಟೆವು, ಏನು ಸಿಕ್ಕಿತು ಎಂಬ ಪ್ರಶ್ನೆ ಆಮೇಲೆ ಬಂದ ಪ್ರತಿ ದೂರಿನ ಹಿಂದೆಯೂ ಇದೆ.

2018ರ ಅಕ್ಟೋಬರ್ 2ರಂದು ಪ್ರಾಯೋಗಿಕ ಓಡಾಟ ಶುರುವಾಯಿತು. 2020ರ ಫೆಬ್ರವರಿ 2ರಂದು ಆಗಿನ ಉಪರಾಷ್ಟ್ರಪತಿ ಎಂ. ವೆಂಕಯ್ಯ ನಾಯ್ಡು ಅಧಿಕೃತವಾಗಿ ಉದ್ಘಾಟಿಸಿದರು. ಎರಡು ತಿಂಗಳು ತುಂಬುವ ಮೊದಲೇ ಕೊರೊನಾ ಲಾಕ್‌ಡೌನ್. ಹೊಸ ಬಸ್ಸಿನ ರೂಢಿ ಜನರಿಗೆ ಗಟ್ಟಿಯಾಗಬೇಕಿದ್ದ ಹೊತ್ತಲ್ಲಿ ಬಸ್ಸೇ ನಿಂತಿತು. ಗುಂಪಿನಲ್ಲಿ ಕೂರಲು ಹೆದರಿದ ಜನ ಸ್ಕೂಟಿ, ಬೈಕ್ ಹಿಡಿದರು. ಒಮ್ಮೆ ಸ್ವಂತ ಗಾಡಿಯ ಸಾಲ ಕಟ್ಟಲು ಶುರು ಮಾಡಿದವರು ಮತ್ತೆ ಬಸ್ ನಿಲ್ದಾಣಕ್ಕೆ ಬರುವುದು ಕಷ್ಟ.

ವ್ಯವಸ್ಥೆ ಹೀಗಿದೆ. ಸುಮಾರು 22 ಕಿಲೋಮೀಟರ್ ದಾರಿ. ಅದರ ಹೆಚ್ಚಿನ ಭಾಗದಲ್ಲಿ ರಸ್ತೆಯ ನಡುವೆ ಹೋಗಲು ಒಂದು, ಬರಲು ಒಂದು ಪಥ ಬಸ್ಸಿಗೆ ಮೀಸಲು. ನಿಲ್ದಾಣಗಳ ಬಳಿ ಹಿಂದಿಕ್ಕಲು ಹೆಚ್ಚುವರಿ ಪಥ. ನಿಲ್ದಾಣ ರಸ್ತೆಯ ಮಧ್ಯದಲ್ಲೇ ಇರುವುದರಿಂದ ಬಸ್ಸಿಗೆ ಬಲಬದಿ ಬಾಗಿಲು. ಟಿಕೆಟ್ ನಿಲ್ದಾಣದಲ್ಲೇ. ಮೆಟ್ಟಿಲು ಹತ್ತುವ ಗೋಜಿಲ್ಲ, ನಿಲ್ದಾಣದ ನೆಲ ಮತ್ತು ಬಸ್ಸಿನ ನೆಲ ಒಂದೇ ಎತ್ತರ. ವಯಸ್ಸಾದವರಿಗೆ, ಬಸುರಿಯರಿಗೆ, ಮೊಣಕಾಲು ನೋವಿನವರಿಗೆ ಇದು ಎಷ್ಟು ದೊಡ್ಡ ಸಮಾಧಾನ ಎಂದು ಬೈಕ್ ಮೇಲೆ ಹೋಗುವವರಿಗೆ ಗೊತ್ತಾಗುವುದಿಲ್ಲ. ಎಲ್ಲ ನಿಲ್ದಾಣದಲ್ಲೂ ನಿಲ್ಲುವ ಬಸ್ ಬೇರೆ, ಆಯ್ದ ಕಡೆ ಮಾತ್ರ ನಿಲ್ಲುವ ಎಕ್ಸ್‌ಪ್ರೆಸ್ ಬೇರೆ.

ಪಥ ತೆರೆದರೆ ಏನಾಗುತ್ತದೆ?

ಇದನ್ನು ಮಾತಿನಲ್ಲಿ ತೀರ್ಮಾನಿಸಲು ಆಗುವುದಿಲ್ಲ, ಲೆಕ್ಕ ಹಾಕಬೇಕು. ಪೇಟೆ ರಸ್ತೆಯ ಸಾಮರ್ಥ್ಯವನ್ನು ನಿರ್ಧರಿಸುವುದು ರಸ್ತೆಯ ಉದ್ದ ಅಲ್ಲ, ಸಿಗ್ನಲ್. ರಸ್ತೆಗಳ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಸೂತ್ರದಂತೆ, ಹಸಿರು ದೀಪ ಇಡೀ ತಾಸು ಉರಿದರೆ ಪ್ರತಿ ಮೀಟರ್ ಅಗಲಕ್ಕೆ 525 ಕಾರುಗಳಷ್ಟು ವಾಹನ ದಾಟಬಲ್ಲವು. ಮೂರೂವರೆ ಮೀಟರಿನ ಒಂದು ಪಥಕ್ಕೆ ಸುಮಾರು 1,840. ಆದರೆ ಹಸಿರು ಇಡೀ ತಾಸು ಇರುವುದಿಲ್ಲ. ನಾಲ್ಕು ದಿಕ್ಕಿನ ವೃತ್ತದಲ್ಲಿ ಶೇಕಡಾ 38ರಷ್ಟು ಹೊತ್ತು ಸಿಕ್ಕರೆ ಅದೇ ಜಾಸ್ತಿ. ಅಲ್ಲಿಗೆ ಒಂದು ಪಥದಲ್ಲಿ ತಾಸಿಗೆ 700 ಕಾರುಗಳ ಜಾಗ.

ಇದರಲ್ಲಿ 300 ಕಾರು ಹೋದವು ಎನ್ನಿ. ಉಳಿದ ಜಾಗದಲ್ಲಿ, ಒಂದು ಬೈಕಿಗೆ ಮುಕ್ಕಾಲು ಕಾರಿನ ಜಾಗದಂತೆ, 530 ಬೈಕ್. ಕಾರಿಗೆ ಇಬ್ಬರು, ಬೈಕಿಗೆ ಸರಾಸರಿ ಒಂದೂವರೆ ಜನ ಎಂದು ನಾನು ಇಟ್ಟುಕೊಂಡಿದ್ದೇನೆ. ಒಟ್ಟು ಸುಮಾರು 1,400 ಜನ.

ಈಗ ಅದೇ ಪಥದಲ್ಲಿ ಬಸ್. ಒಂದರಲ್ಲಿ 60 ಜನ ಎಂದರೆ, ನಿಮಿಷಕ್ಕೊಂದು ಬಸ್ ಬಂದಾಗ ತಾಸಿಗೆ 3,600 ಜನ ದಾಟುತ್ತಾರೆ. ಎರಡು ನಿಮಿಷಕ್ಕೊಂದಾದರೆ 1,800. ಮೂರು ನಿಮಿಷಕ್ಕೊಂದಾದರೆ 1,200.

ಗಮನಿಸಿ. ಸುಮಾರು ಎರಡೂವರೆ ನಿಮಿಷಕ್ಕೊಂದು ತುಂಬಿದ ಬಸ್ ಬರುವವರೆಗೆ ಪ್ರತ್ಯೇಕ ಪಥ ಗೆಲ್ಲುತ್ತದೆ. ಅದಕ್ಕಿಂತ ತಡವಾದರೆ ಪಕ್ಕದವರ ಸಿಟ್ಟಿಗೆ ಲೆಕ್ಕದ ಬೆಂಬಲವೂ ಸಿಗುತ್ತದೆ. ಪಥದ ಪರ ಇರುವ ನನ್ನಂಥವರು ಇದನ್ನು ಒಪ್ಪಲೇಬೇಕು. ‘ಸಾರ್ವಜನಿಕ ಸಾರಿಗೆ ಒಳ್ಳೆಯದು’ ಎಂದಷ್ಟೇ ಹೇಳಿ ಪಾರಾಗಲು ಆಗದು. ಪಥ ಉಳಿಯಬೇಕಾದರೆ ಬಸ್ ಬರಬೇಕು, ಸರಿಯಾದ ಅಂತರದಲ್ಲಿ ಬರಬೇಕು.

ತೆರೆದರೆ ಬಸ್ಸಿಗೆ ಏನಾಗುತ್ತದೆ ಎಂಬುದನ್ನೂ ನೋಡಿ. ಬಸ್ ಅದೇ ಸಾಲಿನಲ್ಲಿ ನಿಲ್ಲುತ್ತದೆ. ನಿಲ್ದಾಣ ಮಧ್ಯದಲ್ಲಿರುವುದರಿಂದ ಅದು ಬದಿಗೆ ಸರಿಯಲೂ ಆಗದು, ಹಿಂದಿನ ಕಾರುಗಳು ಜನ ಹತ್ತಿ ಇಳಿಯುವವರೆಗೆ ಕಾಯಬೇಕು. ನಿಧಾನವಾದ ಬಸ್ ಬಿಟ್ಟು ಒಂದಷ್ಟು ಜನ ಬೈಕ್ ಹಿಡಿಯುತ್ತಾರೆ. ಹೊಸದಾಗಿ ಸಿಕ್ಕ ಪಥ ಅವರಿಂದಲೇ ತುಂಬುತ್ತದೆ. ಇನ್ನೊಂದು ವಿಷಯ: ಕಿಮ್ಸ್ ಮತ್ತು ಎಸ್‌ಡಿಎಂ, ಎರಡು ದೊಡ್ಡ ಆಸ್ಪತ್ರೆಗಳು ಇದೇ ದಾರಿಯಲ್ಲಿವೆ. ಆಂಬ್ಯುಲೆನ್ಸ್ ಒಂದಕ್ಕೆ ತಡೆಯಿಲ್ಲದೆ ಸಾಗಲು ಜಾಗ ಇರುವುದು ಈ ಪಥದಲ್ಲಿ ಮಾತ್ರ. ಅದನ್ನೂ ಗಾಡಿಗಳಿಂದ ತುಂಬಿಸಿದ ಮೇಲೆ ಆಂಬ್ಯುಲೆನ್ಸ್‌ಗೆ ಎಲ್ಲಿ ದಾರಿ?

ಬಸ್‌ಗಳು ಜೊತೆಯಾಗಿ ಬರುವುದೇಕೆ?

ಪ್ರಕರಣದ ತಿರುಳು ಇಲ್ಲಿದೆ, ಸ್ವಲ್ಪ ನಿಧಾನವಾಗಿ ನೋಡೋಣ.

ಧಾರವಾಡದಿಂದ ಹುಬ್ಬಳ್ಳಿಯ ಹೊಸೂರಿನವರೆಗೆ ಬಂದ ಚಿಗರಿ, ಹಳೆಯ ಪೇಟೆಯ ಕಡೆ ತಿರುಗಿದ ಮೇಲೆ ಉಳಿದೆಲ್ಲ ವಾಹನಗಳ ಜೊತೆ ಸೇರಿಕೊಳ್ಳುತ್ತದೆ. ರೈಲು ನಿಲ್ದಾಣ, ಸಿಬಿಟಿ (ನಗರ ಬಸ್ ನಿಲ್ದಾಣ) ಕಡೆ ಹೋಗಿ ತಿರುಗಿ ಬರುವಷ್ಟು ಹೊತ್ತು ಅದಕ್ಕೆ ಯಾವ ವಿಶೇಷ ದಾರಿಯೂ ಇಲ್ಲ. ಆಟೊ, ಕೈಗಾಡಿ, ರಸ್ತೆ ಬದಿ ನಿಲ್ಲಿಸಿದ ಕಾರು, ಸರಕು ಇಳಿಸುವ ಟಂಟಂ ಎಲ್ಲದರ ನಡುವೆ ಅದೂ ಒಂದು.

ಸಿಬಿಟಿಯಿಂದ ಮೂರು ನಿಮಿಷಕ್ಕೊಂದರಂತೆ ಬಸ್ ಬಿಟ್ಟರು ಎಂದುಕೊಳ್ಳಿ. ಮೊದಲ ಬಸ್ ಚನ್ನಮ್ಮ ವೃತ್ತದಲ್ಲಿ ಆರು ನಿಮಿಷ ಸಿಕ್ಕಿಕೊಂಡಿತು. ಅಷ್ಟರಲ್ಲಿ ಹಿಂದಿನ ಎರಡು ಬಸ್ ಬಂದು ಅದರ ಬೆನ್ನಿಗೆ ನಿಂತವು. ಹೊಸೂರಿನ ಪ್ರತ್ಯೇಕ ಪಥಕ್ಕೆ ಮೂರೂ ಒಟ್ಟಿಗೆ ಕಾಲಿಟ್ಟವು. ಇಲ್ಲಿಂದ ಮುಂದೆ ತಡೆ ಇಲ್ಲ ನಿಜ, ಆದರೆ ತಪ್ಪಿದ ಅಂತರ ತಾನಾಗಿ ಸರಿಹೋಗುವುದಿಲ್ಲ. ಕೆಡುತ್ತಲೇ ಹೋಗುತ್ತದೆ. ಸಾಲಿನ ಮೊದಲ ಬಸ್ಸಿಗಾಗಿ ವಿದ್ಯಾನಗರದಲ್ಲಿ ಒಂಬತ್ತು ನಿಮಿಷದ ಜನ ಕೂಡಿರುತ್ತಾರೆ. ಅವರು ಹತ್ತಲು ಹೊತ್ತು ಬೇಕು, ಬಸ್ ಇನ್ನೂ ತಡ. ಮುಂದಿನ ನಿಲ್ದಾಣದಲ್ಲಿ ಇನ್ನೂ ಹೆಚ್ಚು ಜನ. ಹಿಂದಿನ ಬಸ್ಸಿಗೆ ಹತ್ತುವವರೇ ಕಡಿಮೆ, ಅದು ಬೇಗ ಹೊರಟು ಮುಂದಿನದರ ಬಾಲ ಹಿಡಿಯುತ್ತದೆ. ನವನಗರ ಮುಟ್ಟುವ ಹೊತ್ತಿಗೆ ಮೊದಲನೆಯದರಲ್ಲಿ ಕಾಲಿಡಲು ಜಾಗವಿಲ್ಲ, ಮೂರನೆಯದು ಅರ್ಧ ಖಾಲಿ. ಆ ಮೂರು ದಾಟಿದ ಮೇಲೆ ಪಥ ಬಿಕೋ ಎನ್ನುತ್ತದೆ.

ಸಿಗ್ನಲ್‌ನಲ್ಲಿ ನಿಂತವರು ನೋಡುವುದು ಆ ಬಿಕೋ ಎನ್ನುವ ಹೊತ್ತನ್ನು. ನಿಲ್ದಾಣದಲ್ಲಿ ನಿಂತವರು ಬೈಯುವುದೂ ಅದೇ ಹೊತ್ತನ್ನು. ಇಬ್ಬರ ದೂರಿಗೂ ಒಂದೇ ಮೂಲ. ಬಸ್‌ಗಳ ಒಟ್ಟು ಸಂಖ್ಯೆ ಸಾಕಷ್ಟಿದ್ದರೂ ಹೀಗಾಗುತ್ತದೆ. ಇನ್ನು 2018ರ ಕಾಲದ ಬಸ್‌ಗಳಿಗೆ ವಯಸ್ಸಾಗುತ್ತಿದೆ. ದುರಸ್ತಿಗೆ ನಿಂತ ಪ್ರತಿ ಬಸ್ಸೂ ಈ ಅಂತರವನ್ನು ಇನ್ನಷ್ಟು ಹಿಗ್ಗಿಸುತ್ತದೆ.

ಚನ್ನಮ್ಮ ವೃತ್ತ

ಕಿತ್ತೂರು ರಾಣಿ ಚನ್ನಮ್ಮ ವೃತ್ತಕ್ಕೆ ಬಂದು ಸೇರುವ ದಾರಿಗಳನ್ನು ಎಣಿಸಿದರೆ ಉತ್ತರ ಕರ್ನಾಟಕದ ನಕ್ಷೆಯೇ ಕಣ್ಣ ಮುಂದೆ ಬರುತ್ತದೆ. ಧಾರವಾಡ, ಕಾರವಾರ, ಗದಗ, ವಿಜಯಪುರ, ಬೆಂಗಳೂರು ಎಲ್ಲ ಕಡೆಯ ಓಡಾಟದ ಒತ್ತಡ ಇಲ್ಲಿಗೆ ತಟ್ಟುತ್ತದೆ. ಪಕ್ಕದಲ್ಲೇ ಹಳೇ ಬಸ್ ನಿಲ್ದಾಣ. ಕೂಗಳತೆಯಲ್ಲಿ ಕೊಪ್ಪಿಕರ್ ರಸ್ತೆ, ಜನತಾ ಬಜಾರ್, ದುರ್ಗದಬೈಲ್. ಸುತ್ತಲಿನ ಹಳ್ಳಿಗಳಿಂದ ಮದುವೆ ಜವಳಿಗೆ, ಬಂಗಾರಕ್ಕೆ, ಆಸ್ಪತ್ರೆಗೆ ಬರುವ ಜನ ಇಳಿಯುವುದು ಇಲ್ಲೇ.

ಪರಿಹಾರ ಎಂದು ಆರಿಸಿಕೊಂಡದ್ದು ಮೇಲ್ಸೇತುವೆ. 2021ರಲ್ಲಿ ಅಡಿಗಲ್ಲು ಬಿತ್ತು. ಕೆಲಸ ನಡೆದ ವರ್ಷಗಳಲ್ಲಿ ರಸ್ತೆ ಕಿರಿದಾಗಿ ಜನ ಪಟ್ಟ ಪಾಡು ದೊಡ್ಡದು. 2024ರ ಸೆಪ್ಟೆಂಬರ್‌ನಲ್ಲಿ ಮೇಲಿಂದ ಕಬ್ಬಿಣದ ರಾಡ್ ಬಿದ್ದು ಪೊಲೀಸ್ ಎಎಸ್‌ಐ ಒಬ್ಬರು ಜೀವ ಕಳೆದುಕೊಂಡರು. ಕೆಲಸ ನಡೆಯುವ ಜಾಗದ ಕೆಳಗೆ ಜನರನ್ನು ಓಡಾಡಲು ಬಿಟ್ಟದ್ದಕ್ಕೆ ತೆತ್ತ ಬೆಲೆ ಅದು. 2025ರ ಏಪ್ರಿಲ್‌ನಿಂದ ಹಳೇ ಬಸ್ ನಿಲ್ದಾಣವನ್ನೇ ಕೆಲವು ತಿಂಗಳು ಮುಚ್ಚಿ, ವೃತ್ತದ ಸುತ್ತ ಸಂಚಾರ ಬದಲಿಸಬೇಕಾಯಿತು.

ಸೇತುವೆಯಿಂದ ಅನುಕೂಲ ಆಗುವುದೇ ಇಲ್ಲ ಎನ್ನಲಾರೆ. ವೃತ್ತವನ್ನು ದಾಟಿ ಮುಂದೆ ಹೋಗುವವರಿಗೆ ಹೊತ್ತು ಉಳಿಯುತ್ತದೆ. ಆದರೆ ಪೇಟೆಗೇ ಬರುವವರು ಕೆಳಗೇ ಬರಬೇಕು, ಗಾಡಿ ನಿಲ್ಲಿಸಲು ಕೆಳಗೇ ಜಾಗ ಹುಡುಕಬೇಕು. ಸಿಬಿಟಿಗೆ ಹೋಗುವ ಚಿಗರಿಯೂ ಕೆಳಗೇ. ಬಸ್ಸಿನ ಅಂತರ ಕೆಡಿಸುವ ಜಾಗ ಸೇತುವೆಯ ನೆರಳಿನಲ್ಲಿ ಹಾಗೇ ಉಳಿಯುತ್ತದೆ.

ಏನು ಮಾಡಬಹುದು?

ಮೊದಲನೆಯದು ಹೊಸೂರಿನಲ್ಲಿ. ಅಲ್ಲಿ ಬಿಆರ್‌ಟಿಎಸ್ ಮತ್ತು ಬೇರೆ ಬಸ್‌ಗಳು ಕೂಡುವ ದೊಡ್ಡ ಜಾಗ ಈಗಾಗಲೇ ಇದೆ. ಪೇಟೆಯಿಂದ ಒಟ್ಟಿಗೆ ಬಂದ ಮೂರು ಬಸ್‌ಗಳನ್ನು ಅಲ್ಲಿ ತಡೆದು, ಅಂತರ ನೋಡಿ ಒಂದೊಂದಾಗಿ ಬಿಡಬಹುದು. ಬಸ್ಸೊಳಗೆ ಕೂತವರಿಗೆ ಎರಡು-ಮೂರು ನಿಮಿಷ ಕಾಯುವ ಕಿರಿಕಿರಿ ನಿಜ. ಮುಂದಿನ ಎಲ್ಲ ನಿಲ್ದಾಣದವರಿಗೆ ಅದರ ಹಲವು ಪಟ್ಟು ಲಾಭ. ಬಸ್ ಎಲ್ಲಿದೆ ಎಂದು ತೋರಿಸುವ ಉಪಕರಣ ಇದ್ದು, ನಿರ್ಧಾರ ಮಾಡುವ ಒಬ್ಬ ನಿಯಂತ್ರಕ ಸ್ಥಳದಲ್ಲಿದ್ದರೆ ಸಾಕು, ಹೊಸ ಕಾಂಕ್ರೀಟ್ ಬೇಡ.

ಇನ್ನೊಂದು ದಾರಿ: ಬೆಳಿಗ್ಗೆ-ಸಂಜೆ ದಟ್ಟಣೆಯಲ್ಲಿ ಒಂದಷ್ಟು ಬಸ್‌ಗಳನ್ನು ಹೊಸೂರಿನಲ್ಲೇ ತಿರುಗಿಸಿ ಧಾರವಾಡಕ್ಕೆ ಬಿಡುವುದು, ಪೇಟೆಗೆ ಸಣ್ಣ ಬಸ್ ಬೇರೆ ಓಡಿಸುವುದು. ಅಂತರ ಕೆಡುವುದಿಲ್ಲ, ಅಷ್ಟೇ ಬಸ್‌ಗಳಲ್ಲಿ ಹೆಚ್ಚು ಸುತ್ತು ಆಗುತ್ತವೆ. ತೊಂದರೆ ಏನೆಂದರೆ ಬಸ್ ಬದಲಿಸುವುದು ಯಾರಿಗೂ ಇಷ್ಟವಿಲ್ಲ. ಚೀಲ, ಮಕ್ಕಳು, ವಯಸ್ಸಾದವರು ಜೊತೆಗಿದ್ದರಂತೂ ಕೇಳಲೇಬೇಡಿ. ಹಾಗಾಗಿ ಎಲ್ಲ ಬಸ್ಸಿಗೂ ಇದನ್ನು ಮಾಡಬಾರದು. ಸಿಬಿಟಿವರೆಗಿನ ನೇರ ಬಸ್ ಇರಲೇಬೇಕು. ಟಿಕೆಟ್ ಒಂದೇ ಆಗಿರಬೇಕು, ಎರಡನೇ ಬಸ್ ಅದೇ ಕಟ್ಟೆಗೆ ಬಂದು ನಿಲ್ಲಬೇಕು.

ಸಿಗ್ನಲ್‌ಗಳ ವಿಷಯ. 120 ಸೆಕೆಂಡಿನ ಒಂದು ಸುತ್ತಿನಲ್ಲಿ ನಾಲ್ಕು ಸರದಿ ಇದ್ದರೆ, ಪ್ರತಿ ಬದಲಾವಣೆಗೆ ನಾಲ್ಕೈದು ಸೆಕೆಂಡಿನಂತೆ ಸುಮಾರು 18 ಸೆಕೆಂಡು ಯಾರಿಗೂ ಸಿಗದೆ ಹೋಗುತ್ತದೆ. ಕೆಲವು ಕಡೆ ಬಲ ತಿರುವು ನಿಲ್ಲಿಸಿ, ಮುಂದೆ ಹೋಗಿ ಯೂ-ಟರ್ನ್ ಮಾಡಿ ಬರುವಂತೆ ಮಾಡಿದರೆ ಒಂದು ಸರದಿ ಉಳಿಯುತ್ತದೆ. ಉಳಿದ ಹೊತ್ತು ಕಾರು, ಬೈಕಿನವರಿಗೂ ಸಿಗುತ್ತದೆ. ಪಥ ತೆರೆಯದೆಯೂ ಪಕ್ಕದವರ ಕಷ್ಟ ಕಡಿಮೆ ಮಾಡಲು ದಾರಿ ಇದೆ ಎಂಬುದಕ್ಕೆ ಇದೊಂದು ಉದಾಹರಣೆ. ಯೂ-ಟರ್ನ್ ದೂರವಾದರೆ ಬೈಕಿನವರು ಉಲ್ಟಾ ಬರುತ್ತಾರೆ, ಅದು ಗೊತ್ತಿರುವ ಅಪಾಯ. ಜಾಗ ಆರಿಸುವಾಗ ಅದನ್ನೂ ಎಣಿಸಬೇಕು.

ಎಲ್ಲಕ್ಕಿಂತ ಕಷ್ಟದ್ದು ಪೇಟೆಯ ಪಾರ್ಕಿಂಗ್. ರಸ್ತೆಯ ಎರಡೂ ಬದಿ ಗಾಡಿ ನಿಂತರೆ ನಡುವೆ ಉಳಿಯುವುದು ಒಂದೇ ಸಾಲು. ಚನ್ನಮ್ಮ ವೃತ್ತದಿಂದ ಸಿಬಿಟಿವರೆಗೆ ಬಸ್ ಓಡುವ ರಸ್ತೆಗಳಲ್ಲಾದರೂ ಬದಿಯ ಪಾರ್ಕಿಂಗ್ ತೆಗೆದು, ಪಕ್ಕದ ರಸ್ತೆಗಳಲ್ಲಿ ತಾಸಿನ ಲೆಕ್ಕದಲ್ಲಿ ಶುಲ್ಕ ಇಡಬೇಕು. ಅಂಗಡಿಯವರು ವಿರೋಧಿಸುತ್ತಾರೆ. ಅವರ ಭಯವೂ ಸುಮ್ನೆ ಹುಟ್ಟಿದ್ದಲ್ಲ, ಗಿರಾಕಿ ಹೋದರೆ ಹೊಟ್ಟೆಪಾಡು. ಆದರೆ ಬೆಳಿಗ್ಗೆಯಿಂದ ರಾತ್ರಿವರೆಗೆ ಅಂಗಡಿ ಮುಂದಿನ ಜಾಗ ಹಿಡಿಯುವುದರಲ್ಲಿ ಅಂಗಡಿಯವರ, ಕೆಲಸದವರ ಗಾಡಿಗಳೂ ಇರುತ್ತವೆ. ಅವು ದೂರ ಸರಿದರೆ ಗಿರಾಕಿಗೇ ಜಾಗ ಆಗುತ್ತದೆ. ಸರಕು ಇಳಿಸಲು ಬೆಳಗಿನ ಜಾವ, ರಾತ್ರಿ ಹೊತ್ತು ಗೊತ್ತುಮಾಡಬೇಕು. ಈ ಮಾತುಕತೆ ವ್ಯಾಪಾರಿಗಳ ಸಂಘಗಳ ಜೊತೆ ಕೂತು ಆಗಬೇಕು, ಒಂದು ದಿನ ಬೆಳಿಗ್ಗೆ ಟೋಯಿಂಗ್ ಗಾಡಿ ಕಳಿಸಿ ಅಲ್ಲ.

ಇನ್ನು ನಡೆಯುವವರು. ನಿಲ್ದಾಣ ರಸ್ತೆ ನಡುವೆ ಇದೆ, ಅಲ್ಲಿಗೆ ಹೋಗಲು ಓಡುವ ವಾಹನಗಳನ್ನು ದಾಟಬೇಕು. ದಾಟಲು ಹೆದರುವ ಅಜ್ಜಿಯೊಬ್ಬರು ಎಡಬದಿಯಲ್ಲೇ ಸಿಗುವ ಆಟೊ ಹತ್ತುತ್ತಾರೆ. ಬಸ್ ಎಷ್ಟು ಚೆನ್ನಾಗಿದ್ದರೇನು? ನಿಲ್ದಾಣದ ಎದುರು ಎತ್ತರಿಸಿದ ದಾಟುದಾರಿ, ಗುಂಡಿ ಒತ್ತಿದರೆ ಬರುವ ಪಾದಚಾರಿ ಸಿಗ್ನಲ್, ಒಳಗಿನ ಬಡಾವಣೆಗಳಿಂದ ನಿಲ್ದಾಣಕ್ಕೆ ಸಣ್ಣ ಬಸ್ ಇಲ್ಲದೆ ಚಿಗರಿ ತುಂಬುವುದಿಲ್ಲ.

ಬೇರೆ ಊರುಗಳು

ದೆಹಲಿಯಲ್ಲಿ 2008ರಲ್ಲಿ ಶುರುವಾದ ಬಸ್ ಪಥವನ್ನು 2016ರಲ್ಲಿ ಕಿತ್ತುಹಾಕಿದರು. ಅದು ಆರು ಕಿಲೋಮೀಟರಿಗೂ ಕಡಿಮೆ ಇತ್ತು. ಎಲ್ಲ ಬಗೆಯ ಬಸ್ಸೂ ಅದರೊಳಗೆ ನುಗ್ಗುತ್ತಿದ್ದವು, ಸಿಗ್ನಲ್‌ಗಳು ಉದ್ದವಾಗಿದ್ದವು. 2009ರಲ್ಲಿ ಶುರುವಾದ ಅಹಮದಾಬಾದಿನ ಜನಮಾರ್ಗ ಪಥವನ್ನು ಜಾಲದಂತೆ ಬೆಳೆಸುತ್ತಾ ಹೋಯಿತು, ಉಳಿಯಿತು. ನಮ್ಮ ವ್ಯವಸ್ಥೆ ರೂಪದಲ್ಲಿ ಅಹಮದಾಬಾದಿನ ಕಡೆಯದು. ಆದರೆ ಒಂದೇ ಗೆರೆ, ಕೊಂಬೆಗಳಿಲ್ಲ. ಗೋಕುಲ ರಸ್ತೆ, ಕೇಶ್ವಾಪುರದ ಕಡೆಯವರಿಗೆ ಅದು ಮುಟ್ಟುವುದಿಲ್ಲ.

ಧಾರವಾಡದ ತುದಿ, ಮುಂದಿನ ಪ್ರಸ್ತಾವ

ಧಾರವಾಡದ ಕಡೆಗೂ ತೊಂದರೆ ಇದೆ. ಜೋರು ಮಳೆ ಬಂದರೆ ಟೋಲ್ ನಾಕಾ ಬಳಿ ನೀರು ನಿಲ್ಲುವುದು ಪ್ರತಿ ವರ್ಷದ ಗೋಳು. ಒಂದು ತಾಸು ನೀರು ನಿಂತರೆ ಇಡೀ ದಾರಿಯ ವೇಳಾಪಟ್ಟಿ ಹಾಳು. 2025ರ ಜನವರಿಯಲ್ಲಿ ಧಾರವಾಡಕ್ಕೆ ಬೇರೆ ಪಾಲಿಕೆ ಮಾಡಲು ರಾಜ್ಯ ಸಂಪುಟ ಒಪ್ಪಿತು. ಧಾರವಾಡದವರ ಬಹುದಿನದ ಬೇಡಿಕೆ, ಸಂತೋಷವೇ. ಆದರೆ ಚರಂಡಿ, ಪಾರ್ಕಿಂಗ್, ಪಾದಚಾರಿ ದಾರಿ ಎರಡು ಪಾಲಿಕೆಗಳ ಕೈಗೆ ಹೋಗುತ್ತವೆ, ಬಸ್ಸಿನ ದಾರಿ ಮಾತ್ರ ಒಂದೇ. ಎರಡು ಪಾಲಿಕೆ, ಸಂಚಾರ ಪೊಲೀಸರು, ಸಾರಿಗೆ ಸಂಸ್ಥೆ ಒಂದೇ ಮೇಜಿಗೆ ಬಂದು ಕೂರುವ ಸಮಿತಿ ಬೇಕು, ಅದಕ್ಕೆ ಖರ್ಚು ಮಾಡುವ ಅಧಿಕಾರವೂ ಬೇಕು.

ಈ ನಡುವೆ ಬಿಆರ್‌ಟಿಎಸ್ ಜಾಗಕ್ಕೆ ವಿದ್ಯುತ್ತಿನಿಂದ ಓಡುವ, ಒಂದರ ಹಿಂದೊಂದು ಡಬ್ಬಿ ಜೋಡಿಸಿದ ಉದ್ದನೆಯ ವಾಹನ ತರುವ ಇ-ಆರ್‌ಟಿ ಪ್ರಸ್ತಾವ ಬಂದಿದೆ. ಜಿಲ್ಲಾ ಉಸ್ತುವಾರಿ ಸಚಿವ ಸಂತೋಷ್ ಲಾಡ್ ಅದರ ಪರ ನಿಂತಿದ್ದಾರೆ. ಹೊಗೆ ಇಲ್ಲ, ಹೆಚ್ಚು ಜನ ಹಿಡಿಸುತ್ತದೆ, ಚೆನ್ನಾಗಿಯೇ ಇದೆ. ನನ್ನ ಆತಂಕ ಎರಡು. ಉದ್ದ ವಾಹನ ಬಂದಾಗ ಓಡುವ ವಾಹನಗಳ ಸಂಖ್ಯೆ ಇಳಿಸುವ ಆಸೆ ಹುಟ್ಟುತ್ತದೆ. ನಾಲ್ಕು ಬಸ್ಸಿನ ಬದಲು ಒಂದು ಎಂದರೆ ನಿಲ್ದಾಣದಲ್ಲಿ ಕಾಯುವ ಹೊತ್ತು ನಾಲ್ಕು ಪಟ್ಟು, ಪಥ ಇನ್ನಷ್ಟು ಖಾಲಿ. ಎರಡನೆಯದು, ಅಷ್ಟುದ್ದದ ವಾಹನ ಚನ್ನಮ್ಮ ವೃತ್ತ ದಾಟಿ ಸಿಬಿಟಿಯಲ್ಲಿ ತಿರುಗುವುದು ಹೇಗೆ? ಹೊಸೂರಿನಲ್ಲೇ ನಿಲ್ಲುವುದಾದರೆ ರೈಲು ಇಳಿದು ಬಂದವರು ಅಲ್ಲಿಯವರೆಗೆ ಬರುವುದು ಹೇಗೆ? ವಾಹನದ ಬೆಲೆ, ಮಾದರಿಗಳ ಚರ್ಚೆಗೆ ಮೊದಲು ಈ ಕೊನೆಯ ಎರಡು-ಮೂರು ಕಿಲೋಮೀಟರಿನ ನಕ್ಷೆಯನ್ನು ಜನರ ಮುಂದಿಡಬೇಕು. ಯಾವ ರಸ್ತೆಯಲ್ಲಿ, ಯಾರ ಜಾಗದಲ್ಲಿ, ಎಷ್ಟು ನಿಮಿಷಕ್ಕೊಂದು ಎಂಬುದನ್ನು ಅದರಲ್ಲಿ ಬರೆದಿರಬೇಕು.